ಯೋಧನ ನೆನಪಿಗೆ ಒಂದು ತರಗತಿ: ಯುನಿಸೆಫ್ ಶಾಲಾ ಪೆಟ್ಟಿಗೆಯ ವಿಮರ್ಶೆ

ಅಮೆರಿಕ, ಬ್ರಿಟನ್‌ಗಳಲ್ಲಿ ಸೈನಿಕನೊಬ್ಬ ಯುದ್ಧದಲ್ಲಿ ಮಡಿದಾಗ ಮನೆಯವರು ಮರಣದ ಪ್ರಕಟಣೆಯ ಕೊನೆಗೆ ಒಂದು ಸಾಲು ಸೇರಿಸುವ ರೂಢಿ ಇದೆ: ಹೂವು ಬೇಡ, ಆ ಹಣವನ್ನು ಇಂಥ ಸಂಸ್ಥೆಗೆ ಕೊಡಿ. ಇರಾಕ್, ಅಫ್ಘಾನಿಸ್ತಾನದ ಯುದ್ಧಗಳ ಕಾಲದಲ್ಲಿ ಕೆಲವು ಮನೆಯವರು ಆ ಸಾಲಿನಲ್ಲಿ ಕೇಳಿಕೊಂಡದ್ದು, ತಮ್ಮ ಮಗನೋ ಮಗಳೋ ಕಾವಲಿದ್ದ ಊರಿನ ಮಕ್ಕಳಿಗೆ ನೆರವಾಗಿ ಎಂದು. ಅಲ್ಲಿ ನೆಲೆಸಿರುವ ಕನ್ನಡಿಗರಿಗೂ ಸಹೋದ್ಯೋಗಿಯ ಮನೆಯಿಂದಲೋ ಪಕ್ಕದ ಮನೆಯಿಂದಲೋ ಇಂಥ ಕೋರಿಕೆ ಬರಬಹುದು. ಕೊಡುವ ಮನಸ್ಸು ಎಲ್ಲರಿಗೂ ಇರುತ್ತದೆ. ಏನು ಕೊಟ್ಟರೆ ಅದು ಮಗುವಿನ ಕೈ ಸೇರುತ್ತದೆ, ಸೇರಿದ ಮೇಲೆ ಬಳಕೆಗೆ ಬರುತ್ತದೆ ಎಂಬುದನ್ನು ಮಾತ್ರ ಯಾರೂ ಬಿಡಿಸಿ ಹೇಳುವುದಿಲ್ಲ.

ಇಂಥ ಕಾಣಿಕೆಗಳಲ್ಲಿ ಹೆಚ್ಚು ಹೆಸರಾದದ್ದು ವಿಶ್ವಸಂಸ್ಥೆಯ ಮಕ್ಕಳ ಸಂಸ್ಥೆಯಾದ ಯುನಿಸೆಫ್‌ನ ‘ಸ್ಕೂಲ್ ಇನ್ ಎ ಬಾಕ್ಸ್’, ಅಂದರೆ ಒಂದು ಪೆಟ್ಟಿಗೆಯಲ್ಲಿ ಇಡೀ ತರಗತಿಗೆ ಬೇಕಾದ ಸಾಮಾನು. ತೀರ್ಪನ್ನು ಮೊದಲೇ ಹೇಳಿಬಿಡೋಣ. ಯುದ್ಧ ಶುರುವಾಗಿ ಮಕ್ಕಳು ಊರು ಬಿಟ್ಟು ಓಡಿ ಬಂದ ಮೊದಲ ವಾರಗಳಿಗೆ ಇದಕ್ಕಿಂತ ಚೆನ್ನಾಗಿ ಯೋಚಿಸಿ ಮಾಡಿದ ಶಾಲಾ ಸಾಮಗ್ರಿ ಸಿಗುವುದು ಕಷ್ಟ. ಯುದ್ಧ ವರ್ಷಗಟ್ಟಲೆ ಎಳೆದಿರುವ ಕಡೆಗೆ, ಶಾಲೆ ಮೊಬೈಲ್ ಪರದೆಗೆ ಹೋಗಿರುವ ಕಡೆಗೆ, ಹಸಿವೇ ಮೊದಲ ಶತ್ರುವಾಗಿರುವ ಕಡೆಗೆ ಇದು ಸರಿಯಾದ ಆಯ್ಕೆಯಲ್ಲ. ಕಾಣಿಕೆ ಕೊಡುವವರು ಬಹಳ ಸಲ ಎಡವುವುದು ಈ ವ್ಯತ್ಯಾಸ ನೋಡದೆ.

ಪೆಟ್ಟಿಗೆಯ ಮೂಲ 1990ರ ದಶಕದ ಆರಂಭದ ಆಫ್ರಿಕದಲ್ಲಿದೆ. ಸೊಮಾಲಿಯಾದಲ್ಲಿ ಯುನೆಸ್ಕೋ ರೂಪಿಸಿದ್ದ ಶಿಕ್ಷಕರ ತುರ್ತು ಸಾಮಗ್ರಿಯ ಕಲ್ಪನೆಯನ್ನು 1994ರ ನರಮೇಧದ ನಂತರ ರುವಾಂಡದಲ್ಲಿ ದೊಡ್ಡ ಪ್ರಮಾಣದಲ್ಲಿ ಬಳಸಲಾಯಿತು. ಕಟ್ಟಡವಿಲ್ಲ, ಪಠ್ಯಪುಸ್ತಕವಿಲ್ಲ, ತರಬೇತಾದ ಶಿಕ್ಷಕರಲ್ಲಿ ಎಷ್ಟೋ ಮಂದಿ ಸತ್ತಿದ್ದಾರೆ ಅಥವಾ ಓಡಿಹೋಗಿದ್ದಾರೆ. ಹಾಗಿದ್ದೂ ಮರದ ಕೆಳಗೆ ನಾಳೆ ಬೆಳಿಗ್ಗೆ ಪಾಠ ಶುರುವಾಗಬೇಕು. ಈ ಒಂದು ಗುರಿ ಇಟ್ಟುಕೊಂಡೇ ಒಳಗಿನ ಪ್ರತಿ ವಸ್ತುವನ್ನೂ ಆರಿಸಿದ್ದಾರೆ. ಅನಾಹುತ ನಡೆದ 72 ಗಂಟೆಗಳೊಳಗೆ ಕಲಿಕೆ ಮತ್ತೆ ಆರಂಭವಾಗಲಿ ಎಂಬುದು ಇದರ ಹಿಂದಿನ ಲೆಕ್ಕ. ಯುನಿಸೆಫ್‌ನ ಸರಬರಾಜು ವಿಭಾಗ ಇರುವುದು ಡೆನ್ಮಾರ್ಕ್‌ನ ಕೋಪನ್‌ಹೇಗನ್ ಬಂದರಿನಲ್ಲಿ. ಪೆಟ್ಟಿಗೆಗಳು ತುಂಬಿಕೊಳ್ಳುವುದು ಅಲ್ಲಿನ ಉಗ್ರಾಣದಲ್ಲಿ, ಸಾಲು ಕಟ್ಟಿದ ಕಟ್ಟೆಗಳ ಮೇಲೆ.

ಒಳಗೇನಿದೆ? ಒಬ್ಬ ಶಿಕ್ಷಕ, 40 ಮಕ್ಕಳು ಎಂಬುದು ಅಳತೆ. ನೋಟ್‌ಬುಕ್, ಪೆನ್ಸಿಲ್, ರಬ್ಬರ್, ಮೆಂಡರ್, ಸ್ಕೇಲ್, ಬಳಪದ ಸ್ಲೇಟು, ಬಣ್ಣದ ಕ್ರೇಯಾನ್, ಮೊಂಡು ತುದಿಯ ಕತ್ತರಿ ಮಕ್ಕಳ ಪಾಲು. ಶಿಕ್ಷಕರಿಗೆ ಬಿಳಿ ಮತ್ತು ಬಣ್ಣದ ಚಾಕ್‌ಪೀಸ್, ಪೆನ್ನು, ಮುಳ್ಳು ತಿರುಗಿಸಬಹುದಾದ ಮರದ ಗಡಿಯಾರ, ಎಣಿಕೆ ಕಲಿಸಲು ಮರದ ಘನಗಳು, ಲ್ಯಾಮಿನೇಟ್ ಮಾಡಿದ ಮೂರು ಗೋಡೆಪಟಗಳು: ಅಕ್ಷರಮಾಲೆ, ಅಂಕಿಗಳು, ಮಗ್ಗಿ. ಹಿಂದಿನ ಮಾದರಿಗಳಲ್ಲಿ ಕೈಯಿಂದ ತಿರುವಿದರೆ ನಡೆಯುವ ರೇಡಿಯೋ ಕೂಡ ಇತ್ತು. ಇದೆಲ್ಲ ತುಂಬಿರುವುದು ಬೀಗ ಹಾಕಬಹುದಾದ ಅಲ್ಯೂಮಿನಿಯಂ ಟ್ರಂಕಿನಲ್ಲಿ. ಜೊತೆಗೆ ಒಂದು ಡಬ್ಬಿ ಕಪ್ಪುಹಲಗೆಯ ಬಣ್ಣ, ಒಂದು ಬ್ರಷ್. ಆ ಬಣ್ಣವನ್ನು ಟ್ರಂಕಿನ ಮುಚ್ಚಳಕ್ಕೆ ಬಳಿದರೆ ಮುಚ್ಚಳವೇ ಬೋರ್ಡು.

ನೋಟ್‌ಬುಕ್ಕನ್ನು ಸ್ವಲ್ಪ ಗಮನಿಸಿ ನೋಡಬೇಕು. ಅದರಲ್ಲಿ ಮಾರ್ಜಿನ್ ಗೆರೆ ಇಲ್ಲ. ಅರಬ್ಬಿ, ಉರ್ದು, ಅಫ್ಘಾನಿಸ್ತಾನದ ಪಷ್ತೋ, ದರಿ ಭಾಷೆ ಬರೆಯುವ ಮಗು ಬಲದಿಂದ ಎಡಕ್ಕೆ ಬರೆಯುತ್ತದೆ. ಫ್ರೆಂಚ್, ಸ್ವಾಹಿಲಿ, ಉಕ್ರೇನಿಯನ್ ಬರೆಯುವ ಮಗು ಎಡದಿಂದ ಬಲಕ್ಕೆ. ಗೆರೆ ತೆಗೆದುಬಿಟ್ಟದ್ದರಿಂದ ಒಂದೇ ಪುಸ್ತಕ ಇಬ್ಬರಿಗೂ ಒಗ್ಗುತ್ತದೆ, ಉಗ್ರಾಣದಲ್ಲಿ ಎರಡು ಬಗೆ ಇಡುವ ತಾಪತ್ರಯವಿಲ್ಲ, ಯಾವ ದೇಶಕ್ಕೆ ಯಾವುದು ಹೋಗಬೇಕೆಂದು ವಿಂಗಡಿಸುತ್ತ ದಿನ ಕಳೆಯಬೇಕಿಲ್ಲ. ಇಷ್ಟು ಸಣ್ಣ ವಿಷಯವನ್ನು ಯೋಚಿಸಿದವರು ಉಳಿದದ್ದನ್ನೂ ಯೋಚಿಸಿರುತ್ತಾರೆ ಎಂಬ ನಂಬಿಕೆ ಹುಟ್ಟುವುದು ಇಂಥಲ್ಲಿ. ಒಳಗಿನ ಸಾಮಾನನ್ನು ಯಾವ ಒಂದು ಸಂಸ್ಕೃತಿಗೂ ಅಂಟಿಕೊಳ್ಳದಂತೆ ಆರಿಸಿರುವುದೂ ಇದೇ ಕಾರಣಕ್ಕೆ.

ಮುಚ್ಚಳದ ಬೋರ್ಡು ಕೇಳಲು ಚೆನ್ನ, ಆದರೆ ಅವಸರ ಮಾಡಿದರೆ ಕೆಡುತ್ತದೆ. ಅಲ್ಯೂಮಿನಿಯಂ ನುಣುಪಾದ ಲೋಹ. ಜಿಡ್ಡು ಅಥವಾ ಧೂಳು ಇದ್ದರೆ ಬಣ್ಣ ಹಿಡಿಯದೆ ವಾರದಲ್ಲೇ ಹಕ್ಕಳೆ ಏಳುತ್ತದೆ. ಮೊದಲು ಒದ್ದೆ ಬಟ್ಟೆಯಲ್ಲಿ ಒರೆಸಿ, ಒಣಗಿಸಿ, ಸಿಕ್ಕರೆ ಉಪ್ಪುಕಾಗದದಿಂದ ಹಗುರವಾಗಿ ಉಜ್ಜಬೇಕು. ಒಂದು ಕೈ ಅಡ್ಡಕ್ಕೆ ಬಳಿದು, ಪೂರ್ತಿ ಒಣಗಿದ ಮೇಲೆ ಇನ್ನೊಂದು ಕೈ ಉದ್ದಕ್ಕೆ ಬಳಿಯಬೇಕು. ರಾತ್ರಿಯಿಡೀ ಬಿಟ್ಟು, ಮರುದಿನ ಚಾಕ್‌ಪೀಸನ್ನು ಅಡ್ಡ ಮಲಗಿಸಿ ಹಲಗೆ ತುಂಬ ಉಜ್ಜಿ ಒರೆಸಿದ ಮೇಲೆಯೇ ಮೊದಲ ಅಕ್ಷರ ಬರೆಯುವುದು. ಹೀಗೆ ಉಜ್ಜದೆ ಬರೆದರೆ ಮೊದಲ ದಿನದ ಅಕ್ಷರಗಳ ಗುರುತು ಹಲಗೆಯಲ್ಲಿ ಉಳಿದುಕೊಂಡು ಆಮೇಲಿನ ಬರಹವೆಲ್ಲ ಮಸುಕಾಗಿ ಕಾಣುತ್ತದೆ. ಮುಚ್ಚಳದ ಅಗಲ 40 ಮಕ್ಕಳಲ್ಲಿ ಹಿಂದಿನ ಸಾಲಿನವರಿಗೆ ಸಾಲದು. ಗೋಡೆ ಅಥವಾ ಪ್ಲೈವುಡ್ ಹಲಗೆ ಸಿಕ್ಕಿದ ಕಡೆ ಡಬ್ಬಿಯ ಬಣ್ಣವನ್ನು ಅಲ್ಲಿಗೇ ಬಳಸುವುದು ಒಳ್ಳೆಯದು.

ಟ್ರಂಕು ಲೋಹದ್ದಾಗಿರುವುದು ಶೋಕಿಗಲ್ಲ. ಡೇರೆಯಲ್ಲಿ ನಡೆಯುವ ಶಾಲೆಗೆ ಬಾಗಿಲಿಲ್ಲ, ಬೀರುವಿಲ್ಲ. ಮಳೆ, ಗೆದ್ದಲು, ಇಲಿ, ಕಳ್ಳತನ ನಾಲ್ಕರಿಂದಲೂ ಕಾಗದವನ್ನು ಕಾಯುವುದು ಬೀಗವಿರುವ ಟ್ರಂಕು ಮಾತ್ರ. ಆದರೆ ಅದೇ ಅದರ ಭಾರ, ಅದೇ ಅದರ ಖರ್ಚು. ರಸ್ತೆ ಇಲ್ಲದ ಕಡೆಗೆ ವಿಮಾನದಲ್ಲಿ ಒಯ್ಯುವಾಗ ಲೋಹದ ಪ್ರತಿ ಕಿಲೋಗೂ ದುಡ್ಡು ತೆರಬೇಕು. ಹೀಗಾಗಿ ಅದೇ ಸಾಮಾನನ್ನು ಬರೀ ರಟ್ಟಿನ ಪೆಟ್ಟಿಗೆಯಲ್ಲಿ ತುಂಬಿ ಕಳಿಸುವ ಮಾದರಿಯೂ ಇದೆ. ಕಟ್ಟಡ ಉಳಿದಿದ್ದು ಸಾಮಾನು ಮಾತ್ರ ಇಲ್ಲದ ಶಾಲೆಗೆ ರಟ್ಟಿನದೇ ಸಾಕು. ಡೇರೆ ಶಿಬಿರಕ್ಕೆ ಲೋಹದ್ದೇ ಬೇಕು.

ಇನ್ನು ಕೊರತೆಗಳು. ಮೊದಲನೆಯದು ಮಕ್ಕಳ ಸಂಖ್ಯೆ. ನಿರಾಶ್ರಿತರ ಶಿಬಿರದಲ್ಲಿ ಒಬ್ಬ ಶಿಕ್ಷಕರ ಮುಂದೆ 40 ಮಕ್ಕಳು ಕೂತರೆ ಅದು ಭಾಗ್ಯ. 80, 100 ಮಕ್ಕಳು ಕೂರುವುದು ಹೊಸತಲ್ಲ. ಬೆಳಿಗ್ಗೆ ಒಂದು ಪಾಳಿ, ಮಧ್ಯಾಹ್ನ ಒಂದು ಪಾಳಿ ಮಾಡಿದರೆ ಗಡಿಯಾರ, ಗೋಡೆಪಟ, ಸ್ಲೇಟು, ಕತ್ತರಿ, ಘನಗಳು ಎರಡೂ ಪಾಳಿಗೆ ಆಗುತ್ತವೆ. ನೋಟ್‌ಬುಕ್ ಮತ್ತು ಪೆನ್ಸಿಲ್ ಮಾತ್ರ ಹಂಚಿಕೊಂಡು ಬಳಸುವ ವಸ್ತುಗಳಲ್ಲ, ಅವು ಅರ್ಧ ಅವಧಿಗೇ ಮುಗಿಯುತ್ತವೆ. ಪೆಟ್ಟಿಗೆಯ ಆಯುಷ್ಯವನ್ನು ಸುಮಾರು 3 ತಿಂಗಳು ಎಂದು ಎಣಿಸುತ್ತಾರೆ. ಇಮ್ಮಡಿ ಮಕ್ಕಳಿದ್ದರೆ ಆರೇಳು ವಾರಕ್ಕೆ ಕಾಗದ ಖಾಲಿ, ಮರದ ಗಡಿಯಾರ ಮಾತ್ರ ಹೊಸದಾಗಿಯೇ ಇರುತ್ತದೆ.

ಎಂದೇ ಬರೀ ಪೆಟ್ಟಿಗೆ ಕೊಟ್ಟು ಕೈತೊಳೆದುಕೊಳ್ಳುವುದಕ್ಕಿಂತ ಖಾಲಿಯಾದ ಸಾಮಾನನ್ನು ಮತ್ತೆ ತುಂಬುವ ಮರುಪೂರಣಕ್ಕೆ ಹಣ ಎತ್ತಿಡುವುದು ಜಾಣತನ. ಯುನಿಸೆಫ್ ಬಳಿ ಖರ್ಚಾಗುವ ಸಾಮಾನಿನದೇ ಪ್ರತ್ಯೇಕ ಮರುಪೂರಣ ಕಟ್ಟು ಇದೆ: ನೋಟ್‌ಬುಕ್, ಪೆನ್ಸಿಲ್, ರಬ್ಬರ್, ಚಾಕ್‌ಪೀಸ್ ಇಂಥವು. ಫೋಟೋದಲ್ಲಿ ಚಂದ ಕಾಣುವುದು ಟ್ರಂಕು, ಹಾಗಾಗಿ ದಾನಿಗಳು ಟ್ರಂಕನ್ನೇ ಆರಿಸುತ್ತಾರೆ. ಸ್ಮರಣೆಯ ಕಾಣಿಕೆ ಎಂದಮೇಲೆ ಚಂದ ಕಾಣಬೇಕೆಂಬ ಆಸೆ ಸಹಜವೇ. ಹಾಗಿದ್ದರೂ ನಾಲ್ಕನೇ ತಿಂಗಳಲ್ಲಿ ತರಗತಿ ಮುಂದುವರಿಯುವುದು ಮರುಪೂರಣದಿಂದ.

ಎರಡನೆಯ ಕೊರತೆ ಭಾಷೆ. ಎಲ್ಲ ದೇಶಕ್ಕೂ ಒಗ್ಗುವಂತೆ ಮಾಡಿದ ಪೆಟ್ಟಿಗೆಯಲ್ಲಿ ಯಾವ ದೇಶದ ಪಠ್ಯಪುಸ್ತಕವೂ ಇರಲಾರದು. ಕಥೆಪುಸ್ತಕ, ಸ್ಥಳೀಯ ಲಿಪಿಯ ಅಕ್ಷರಪಟ, ವಾದ್ಯ, ಆಟಿಕೆಗಳನ್ನು ಅಲ್ಲಲ್ಲಿಯೇ ಕೊಂಡು ಸೇರಿಸಬೇಕು. ಶಿಕ್ಷಕರ ಕೈಪಿಡಿಯೂ ಅಲ್ಲಿನ ಪಠ್ಯಕ್ರಮಕ್ಕೆ ಹೊಂದಿಸಿದ್ದಾಗಿರಬೇಕು. ಅದು ನಡೆಯದ ಕಡೆ ಪೆಟ್ಟಿಗೆ ಬರೀ ಸ್ಟೇಷನರಿ ಅಂಗಡಿಯಾಗಿ ಉಳಿಯುತ್ತದೆ. ಮೂರನೆಯದು ಎಲ್ಲಕ್ಕಿಂತ ದೊಡ್ಡದು, ಯಾವ ಪೆಟ್ಟಿಗೆಯೂ ತುಂಬಲಾರದ್ದು: ಶಿಕ್ಷಕರ ಸಂಬಳ. ಮನೆ ಕಳೆದುಕೊಂಡ ಶಿಕ್ಷಕಿ ತನ್ನ ಮಕ್ಕಳ ಹೊಟ್ಟೆ ನೋಡಬೇಕಾದಾಗ ಬೇರೆ ಕೂಲಿ ಹುಡುಕಿಕೊಂಡು ಹೋಗುತ್ತಾಳೆ, ತರಗತಿ ನಿಲ್ಲುತ್ತದೆ. ಆದ್ದರಿಂದ ಇಟ್ಟ ಹಣದಲ್ಲಿ ಒಂದು ಪಾಲನ್ನು ಯಾವ ವಸ್ತುವಿಗೂ ಕಟ್ಟಿಹಾಕದೆ ‘ಎಲ್ಲಿ ಅಗತ್ಯವೋ ಅಲ್ಲಿಗೆ’ ಎಂದು ಬಿಡುವುದನ್ನು ಬಲವಾಗಿ ಸಲಹೆ ಮಾಡುತ್ತೇವೆ. ಶಿಕ್ಷಕರ ಭತ್ಯೆ, ಲಾರಿ ಬಾಡಿಗೆ, ಡೇರೆ ಬರುವುದು ಆ ಪಾಲಿನಿಂದ.

ಇದೇ ಕೆಲಸವನ್ನು ಮನೆಯಲ್ಲೇ ಕಟ್ಟಿದ ಪೊಟ್ಟಣಗಳಿಂದ ಮಾಡಬಹುದೇ? ಅಮೆರಿಕದಲ್ಲಿ ಇದಕ್ಕೆ ದೊಡ್ಡ ಉದಾಹರಣೆಯೇ ಇದೆ. ನಟ ಗ್ಯಾರಿ ಸಿನೀಸ್ ಮತ್ತು ಲೇಖಕಿ ಲಾರಾ ಹಿಲೆನ್‌ಬ್ರಾಂಡ್ 2004ರಲ್ಲಿ ‘ಆಪರೇಷನ್ ಇರಾಕಿ ಚಿಲ್ಡ್ರನ್’ ಶುರುಮಾಡಿದರು. ಶಾಲೆ, ಚರ್ಚು, ಸ್ಕೌಟ್ ಗುಂಪುಗಳು ಒಂದು ಮಗುವಿಗೆ ಒಂದು ಜಿಪ್ ಚೀಲದಂತೆ ಕತ್ತರಿ, ಸ್ಕೇಲ್, ಪೆನ್ಸಿಲ್, ಮೆಂಡರ್, ರಬ್ಬರ್, ಬಣ್ಣದ ಪೆನ್ಸಿಲ್, ನೋಟ್‌ಬುಕ್, ಫೋಲ್ಡರ್ ತುಂಬಿ ಕಳಿಸುತ್ತಿದ್ದರು. ಇರಾಕ್‌ನಲ್ಲಿದ್ದ ಸೈನಿಕರು ಅವನ್ನು ಶಾಲೆಗಳಿಗೆ ಹಂಚುತ್ತಿದ್ದರು. ಮುಂದೆ ಅದು ಬೇರೆ ದೇಶಗಳಿಗೂ ಹರಡಿ ಹೆಸರು ಬದಲಿಸಿಕೊಂಡು 2013ರಲ್ಲಿ ಮುಗಿಯಿತು. ಮಡಿದ ಸೈನಿಕನ ಮನೆಯವರಿಗೆ ಇಂಥ ಕೆಲಸ ಕೊಡುವ ಸಮಾಧಾನವನ್ನು ಯಾವ ಆನ್‌ಲೈನ್ ರಸೀದಿಯೂ ಕೊಡಲಾರದು. ನೆರೆಹೊರೆಯವರು ಒಂದು ಮೇಜಿನ ಸುತ್ತ ಕೂತು ಚೀಲ ತುಂಬುವುದೇ ಒಂದು ಬಗೆಯ ಶ್ರಾದ್ಧ.

ಆದರೂ ಮಗುವಿನ ಕಡೆಯಿಂದ ನೋಡಿದರೆ ಈ ದಾರಿ ಮೂರು ಕಡೆ ಕುಂಟುತ್ತದೆ. ಅಂಗಡಿಯಲ್ಲಿ ಕೊಂಡ ಅಮೆರಿಕದ ನೋಟ್‌ಬುಕ್ಕಿನ ಕೆಂಪು ಮಾರ್ಜಿನ್ ಎಡಕ್ಕಿರುತ್ತದೆ, ಅರಬ್ಬಿ ಬರೆಯುವ ಮಗು ಬರಹ ಶುರುಮಾಡುವುದು ಬಲದಿಂದ. ಒಂದು ಚೀಲದಲ್ಲಿ 12 ಪೆನ್ಸಿಲ್, ಇನ್ನೊಂದರಲ್ಲಿ 6 ಇದ್ದರೆ ತರಗತಿಯಲ್ಲಿ ಜಗಳ. ಶಿಕ್ಷಕರು ಎಲ್ಲ ಚೀಲ ಬಿಚ್ಚಿ ಮತ್ತೆ ಸಮನಾಗಿ ಹಂಚಬೇಕಾಗುತ್ತದೆ. ಕಾಗದ ತೂಕದ ವಸ್ತು, ಸಾಗಣೆ ವೆಚ್ಚ ಎಷ್ಟೋ ಸಲ ಒಳಗಿನ ಸಾಮಾನಿನ ಬೆಲೆಯನ್ನೇ ಮೀರುತ್ತದೆ.

ಇದಕ್ಕಿಂತ ಗಂಭೀರವಾದ ಮಾತು ಇನ್ನೊಂದಿದೆ. ಸಮವಸ್ತ್ರದ ಸೈನಿಕನ ಸುತ್ತ ಮಕ್ಕಳು ನೆರೆಯುವುದು ಯುದ್ಧಭೂಮಿಯಲ್ಲಿ ಅಪಾಯ. 2004ರ ಸೆಪ್ಟೆಂಬರ್ 30ರಂದು ಬಾಗ್ದಾದ್‌ನಲ್ಲಿ ಒಂದು ಸ್ಥಾವರದ ಉದ್ಘಾಟನೆಯ ಹೊತ್ತಿನಲ್ಲಿ ಅಮೆರಿಕದ ಸೈನಿಕರು ಮಿಠಾಯಿ ಹಂಚುತ್ತಿದ್ದಾಗ ಕಾರ್ ಬಾಂಬ್‌ಗಳು ಸಿಡಿದು 30ಕ್ಕೂ ಹೆಚ್ಚು ಮಕ್ಕಳು ಸತ್ತರು. 2005ರ ಜುಲೈ 13ರಂದು ಅದೇ ನಗರದಲ್ಲಿ ಅದೇ ಬಗೆಯ ದಾಳಿ ನಡೆದು ಮತ್ತೆ ಮಕ್ಕಳೇ ಹೆಚ್ಚಾಗಿ ಬಲಿಯಾದರು. ಹಂಚಿದ ಸೈನಿಕರ ಮನಸ್ಸು ಒಳ್ಳೆಯದೇ ಇತ್ತು. ಬಾಂಬ್ ಇಟ್ಟವರಿಗೆ ಆ ಒಳ್ಳೆಯತನವೇ ಗುರಿಯಾಯಿತು. ಸೈನಿಕನ ನೆನಪಿನ ಕಾಣಿಕೆಯಾದರೂ ಅದು ಮಕ್ಕಳಿಗೆ ತಲುಪಬೇಕಾದದ್ದು ಬಂದೂಕಿಲ್ಲದ ಕೈಯಿಂದ: ಯುನಿಸೆಫ್, ರೆಡ್ ಕ್ರಾಸ್ ಅಥವಾ ರೆಡ್ ಕ್ರೆಸೆಂಟ್, ಸೇವ್ ದ ಚಿಲ್ಡ್ರನ್, ವಾರ್ ಚೈಲ್ಡ್‌ನಂಥ ಸಂಸ್ಥೆಗಳ ಮೂಲಕ. ಎರಡೂ ಕಡೆಯ ಸೇನೆ ಅವರನ್ನು ಒಳಗೆ ಬಿಡುವುದು ಅವರು ಯಾರ ಪಕ್ಷವೂ ಅಲ್ಲ ಎಂಬ ನಂಬಿಕೆಯ ಮೇಲೆ.

ಪೊಟ್ಟಣದ ಬಣ್ಣ ಕೂಡ ಜೀವದ ಪ್ರಶ್ನೆಯಾಗಬಲ್ಲದು. 2001ರಲ್ಲಿ ಅಮೆರಿಕ ಅಫ್ಘಾನಿಸ್ತಾನದ ಮೇಲೆ ವಿಮಾನದಿಂದ ಬೀಳಿಸಿದ ಊಟದ ಪೊಟ್ಟಣಗಳು ಹಳದಿ. ಅದೇ ಕಾಲಕ್ಕೆ ಬಿದ್ದ ಕ್ಲಸ್ಟರ್ ಬಾಂಬಿನ ಮರಿಗುಂಡುಗಳೂ ಹಳದಿ. ರೇಡಿಯೋದಲ್ಲಿ ಎಚ್ಚರಿಕೆ ಕೊಡಬೇಕಾಯಿತು, ಆಮೇಲೆ ಪೊಟ್ಟಣದ ಬಣ್ಣವನ್ನೇ ಬದಲಿಸಬೇಕಾಯಿತು. ಮನೆಯಲ್ಲಿ ಕೂತು ಮಿನುಗುವ ಆಟಿಕೆ ಕಳಿಸುವವರಿಗೆ ಇಂಥದ್ದು ಹೊಳೆಯುವುದಿಲ್ಲ. ಸಿಡಿಯದೆ ಉಳಿದ ಮದ್ದುಗುಂಡನ್ನು ಆಟದ ಸಾಮಾನೆಂದು ಎತ್ತಿಕೊಳ್ಳುವ ಮಕ್ಕಳಿರುವ ಊರುಗಳಿಗೆ ಏನು ಕಳಿಸಬೇಕೆಂದು ಅಲ್ಲಿ ಕೆಲಸ ಮಾಡುವವರೇ ತೀರ್ಮಾನಿಸಲಿ.

ಶಾಲಾ ಪೆಟ್ಟಿಗೆಯ ಪಕ್ಕದಲ್ಲೇ ಸಿಗುವ ಬೇರೆ ಕಾಣಿಕೆಗಳನ್ನೂ ತೂಗಿ ನೋಡೋಣ. ಆಟದ ಕಿಟ್‌ನಲ್ಲಿ ಫುಟ್‌ಬಾಲ್, ವಾಲಿಬಾಲ್, ಹಗ್ಗ, ಸೀಟಿ, ತಂಡ ಗುರುತಿಸುವ ಬಣ್ಣದ ಅಂಗಿ, ಅಂಕಣ ಅಳೆಯುವ ಟೇಪು, ಅಂಕ ಬರೆಯಲು ಸ್ಲೇಟು ಇರುತ್ತವೆ. ಒಬ್ಬ ಶಿಕ್ಷಕರ ಉಸ್ತುವಾರಿಯಲ್ಲಿ 90 ಮಕ್ಕಳವರೆಗೆ ಆಡಬಹುದು. ಬಾಂಬಿನ ಸದ್ದಿಗೆ ಮಾತು ನಿಂತ ಮಕ್ಕಳು ಮೊದಲು ಬಾಯಿಬಿಡುವುದು ತರಗತಿಯಲ್ಲಲ್ಲ, ಆಟದ ಬಯಲಿನಲ್ಲಿ ಎಂಬುದನ್ನು ಶಿಬಿರಗಳಲ್ಲಿ ದುಡಿದವರೆಲ್ಲ ಬಲ್ಲರು. ಷರತ್ತು ಒಂದೇ, ಬಯಲಿನಲ್ಲಿ ನೆಲಬಾಂಬ್ ಇಲ್ಲವೆಂದು ಪರಿಶೀಲಿಸಿರಬೇಕು. ಇಲ್ಲಿ ಮೊದಲು ಕೆಡುವುದು ಚೆಂಡಲ್ಲ, ಗಾಳಿ ತುಂಬುವ ಸೂಜಿ. ಒಣ ಸೂಜಿಯನ್ನು ಒತ್ತಿ ತೂರಿಸಿದರೆ ಮುರಿಯುತ್ತದೆ, ಅಥವಾ ಚೆಂಡಿನ ಬಾಯಿ ಹರಿಯುತ್ತದೆ. ಒದ್ದೆ ಮಾಡಿ ತೂರಿಸಬೇಕು. ಆರು ವರ್ಷದೊಳಗಿನವರಿಗೆ ಬೇರೆಯೇ ಕಿಟ್ ಇದೆ: ಜೋಡಿಸುವ ಘನಗಳು, ಚಿತ್ರಬಂಧ, ಕೈಬೊಂಬೆ, ನೆನಪಿನ ಆಟ, ಬಣ್ಣ, ಸೋಪು, 50 ಮಕ್ಕಳವರೆಗೆ. ಅದು ಒಳ್ಳೆಯ ಸಾಮಾನು, ಆದರೆ ಜೊತೆಗೆ ಕೂತು ಆಡಿಸುವ ದೊಡ್ಡವರು ಇಲ್ಲದಿದ್ದರೆ ಬಿಡಿಬಿಡಿಯಾಗಿ ಮಾಯವಾಗುತ್ತದೆ.

ಹಸಿವಿನ ನಾಡಿಗೆ ಮಾತ್ರ ಪುಸ್ತಕಕ್ಕಿಂತ ಮೊದಲು ಪೌಷ್ಟಿಕ ಪೇಸ್ಟ್ ಕಳಿಸಬೇಕು. ಶೇಂಗಾ, ಹಾಲಿನ ಪುಡಿ, ಸಕ್ಕರೆ, ಎಣ್ಣೆ, ಜೀವಸತ್ವ, ಲವಣಗಳನ್ನು ಅರೆದು ಮಾಡಿದ ಈ ಪೇಸ್ಟ್ 92 ಗ್ರಾಂ ಪೊಟ್ಟಣದಲ್ಲಿ ಬರುತ್ತದೆ, ಒಂದರಲ್ಲಿ 500 ಕಿಲೋಕ್ಯಾಲರಿ. ನೀರು ಬೆರೆಸಬೇಕಿಲ್ಲ, ಬೇಯಿಸಬೇಕಿಲ್ಲ, ಫ್ರಿಜ್ ಬೇಡ. ಕೊಳಕು ನೀರಿನ ಊರಿನಲ್ಲಿ ಇದು ಹಾಲಿನ ಪುಡಿಗಿಂತ ಮೇಲಾಗುವುದು ಅದಕ್ಕೇ. ಒಂದು ರಟ್ಟಿನ ಪೆಟ್ಟಿಗೆಯಲ್ಲಿ 150 ಪೊಟ್ಟಣ. ತೀವ್ರವಾಗಿ ಬಡಕಲಾದ ಒಂದು ಮಗುವಿನ ಆರೆಂಟು ವಾರದ ಚಿಕಿತ್ಸೆಗೆ ಹೆಚ್ಚುಕಡಿಮೆ ಅಷ್ಟು ಬೇಕು. 6ರಿಂದ 59 ತಿಂಗಳ ಮಗುವಿನ ತೋಳಿನ ಸುತ್ತಳತೆ 115 ಮಿಲಿಮೀಟರ್‌ಗಿಂತ ಕಡಿಮೆ ಇದ್ದರೆ ತೋಳಿಗೆ ಸುತ್ತುವ ಅಳತೆಪಟ್ಟಿಯಲ್ಲಿ ಕೆಂಪು ಬಣ್ಣ ಕಾಣುತ್ತದೆ, ಚಿಕಿತ್ಸೆ ತಕ್ಷಣ ಶುರುವಾಗಬೇಕು. ಒಂದು ಕಾಣಿಕೆ, ಒಂದು ಮಗು, ಒಂದು ಜೀವ ಎಂದು ಇಷ್ಟು ನೇರವಾಗಿ ಲೆಕ್ಕ ಹಾಕಬಹುದಾದದ್ದು ಬೇರೊಂದಿಲ್ಲ.

ಅದಕ್ಕೂ ಅಗ್ಗವಾದದ್ದು ಓಆರ್‌ಎಸ್, ಭೇದಿಯಾದ ಮಗುವಿಗೆ ನೀರಿನಲ್ಲಿ ಕದಡಿ ಕುಡಿಸುವ ಪುಡಿ. 20.5 ಗ್ರಾಂ ಪೊಟ್ಟಣವನ್ನು ಸರಿಯಾಗಿ ಒಂದು ಲೀಟರ್ ಶುದ್ಧ ನೀರಿನಲ್ಲಿ ಕದಡಬೇಕು, 24 ಗಂಟೆಯಲ್ಲಿ ಮುಗಿಸಬೇಕು. ಅರ್ಧ ಲೀಟರಿಗೆ ಹಾಕಿದರೆ ಉಪ್ಪು ಅತಿಯಾಗಿ ಮಗುವಿಗೇ ಕೆಡುಕು. ಆದ್ದರಿಂದ ಅಳತೆಯ ಪಾತ್ರೆ, ನೀರು ಶುದ್ಧಿಯ ಮಾತ್ರೆ, ಸತುವಿನ ಮಾತ್ರೆ ಜೊತೆಗಿರುವ ಕಟ್ಟನ್ನೇ ಆರಿಸಿ.

ಯಾವ ಯುದ್ಧಕ್ಕೆ ಯಾವುದು ಎಂಬುದನ್ನು ಹೀಗೆ ನೋಡಬಹುದು. ಸುಡಾನ್, ಕಾಂಗೋ, ಯೆಮನ್‌ನಂಥ ಕಡೆಗೆ ಮೊದಲು ಪೇಸ್ಟ್ ಮತ್ತು ನೀರು, ಆಮೇಲೆ ಶಾಲೆ. ಜನ ಹೊಸದಾಗಿ ಗಡಿ ದಾಟಿ ಬಂದ ಶಿಬಿರಗಳಿಗೆ ಶಾಲಾ ಪೆಟ್ಟಿಗೆ, ಆಟದ ಕಿಟ್ ಎರಡೂ. ಉಕ್ರೇನ್‌ಗೆ ಈ ಪೆಟ್ಟಿಗೆ ಹೊಂದುವುದಿಲ್ಲ. ಖಾರ್ಕಿವ್‌ನಲ್ಲಿ 2023ರಿಂದ ಮೆಟ್ರೊ ನಿಲ್ದಾಣಗಳೊಳಗೇ ತರಗತಿ ನಡೆಯುತ್ತಿವೆ, ಎಷ್ಟೋ ಮಕ್ಕಳು ಆನ್‌ಲೈನ್‌ನಲ್ಲಿ ಓದುತ್ತಿದ್ದಾರೆ. ಅವರಿಗೆ ಬೇಕಾದದ್ದು ಚಾಕ್‌ಪೀಸ್ ಅಲ್ಲ: ಬೆಚ್ಚನೆಯ ಬಟ್ಟೆ, ವಿದ್ಯುತ್, ಮನೋವೈದ್ಯಕೀಯ ನೆರವು. ಗಾಜಾಕ್ಕೆ 2023ರ ಅಕ್ಟೋಬರ್ ನಂತರ ಬಹುಕಾಲ ಶಾಲಾ ಸಾಮಗ್ರಿಗೆ ಒಳಗೆ ಬಿಡುಗಡೆಯೇ ಸಿಗಲಿಲ್ಲ. ಇಂಥ ಕಡೆಗೆ ವಸ್ತುವಿನ ಹೆಸರಿನಲ್ಲಿ ಕೊಡುವುದಕ್ಕಿಂತ ಆ ದೇಶದ ತುರ್ತುನಿಧಿಗೆ ಹಣ ಕೊಡುವುದು ಸರಿ, ಗಡಿಯಲ್ಲಿ ಬಾಗಿಲು ಯಾವುದಕ್ಕೆ ತೆರೆಯುತ್ತದೋ ಅದನ್ನು ಅವರು ಒಯ್ಯುತ್ತಾರೆ.

ಕೊಡುವ ಕ್ರಮ ಸುಲಭ, ಆದರೆ ಕೆಲವು ಕಡೆ ನಿಧಾನಿಸಬೇಕು. ಮೊದಲು ಮನೆಯವರ ಒಪ್ಪಿಗೆ. ಹೆಂಡತಿ ಒಂದು ಸಂಸ್ಥೆ, ತಾಯಿ ಇನ್ನೊಂದು ಸಂಸ್ಥೆ ಹೇಳಿದ್ದರೆ ಎರಡನ್ನೂ ಮಾಡಿ, ನಡುವೆ ನೀವು ತೀರ್ಪು ಕೊಡಬೇಡಿ. ದಾನದ ಪುಟದಲ್ಲಿ ‘ಗೌರವಾರ್ಥ’ ಮತ್ತು ‘ಸ್ಮರಣಾರ್ಥ’ ಎಂಬ ಎರಡು ಆಯ್ಕೆ ಇರುತ್ತವೆ. ಮೊದಲನೆಯದನ್ನು ಒತ್ತಿದರೆ ಬದುಕಿರುವವರಿಗೆ ಕಳಿಸುವ ಸಂಭ್ರಮದ ಕಾರ್ಡು ದುಃಖದ ಮನೆಗೆ ಹೋಗುತ್ತದೆ, ಅದಕ್ಕಿಂತ ನೋವಿನ ತಪ್ಪು ಇಲ್ಲ. ಕಾರ್ಡಿನಲ್ಲಿ ಹುದ್ದೆ ಮತ್ತು ಹೆಸರನ್ನು ಮನೆಯವರು ಪ್ರಕಟಣೆಯಲ್ಲಿ ಬರೆಸಿದಂತೆಯೇ ಬರೆಯಿರಿ. ತುಕಡಿ, ನೆಲೆ, ಸಾವಿನ ವಿವರ ಹಾಕಬೇಡಿ, ಅದೇ ತುಕಡಿಯ ಉಳಿದವರು ಇನ್ನೂ ಅಲ್ಲೇ ಇರಬಹುದು. ದಾನದ ಮೊತ್ತ ಮನೆಯವರಿಗೆ ಕಾಣದಂತೆ ಮಾಡುವ ಗುರುತು ಇದ್ದರೆ ಹಾಕಿ.

ಸಣ್ಣ ಅಕ್ಷರಗಳನ್ನೂ ಓದಿ. ಕೆಲವು ಕಾಣಿಕೆ ಪಟ್ಟಿಗಳಲ್ಲಿ ಆರಿಸಿದ ವಸ್ತುವನ್ನೇ ಕಳಿಸುತ್ತಾರೆ, ಕೆಲವರದ್ದರಲ್ಲಿ ವಸ್ತು ಬರೀ ಉದಾಹರಣೆ, ಹಣ ಸಾಮಾನ್ಯ ನಿಧಿಗೆ ಸೇರುತ್ತದೆ. ಎರಡೂ ಪ್ರಾಮಾಣಿಕವೇ, ಯಾವುದೆಂದು ತಿಳಿದು ಕೊಟ್ಟರೆ ಆಮೇಲೆ ಬೇಸರವಿರದು. ಪೆಟ್ಟಿಗೆಯ ಮೇಲೆ ಯೋಧನ ಹೆಸರು ಅಚ್ಚಾಗುತ್ತದೆ ಎಂದು ಮಾತ್ರ ನಿರೀಕ್ಷಿಸಬೇಡಿ. ಉಗ್ರಾಣದಲ್ಲಿ ಎಲ್ಲ ಪೆಟ್ಟಿಗೆಯೂ ಒಂದೇ, ಹಾಗಿರುವುದರಿಂದಲೇ ಅವು ಅಷ್ಟು ಬೇಗ ಹೊರಡುತ್ತವೆ. ಹೊರದೇಶದ ಸೈನಿಕನ ಹೆಸರು ಹೊತ್ತ ಟ್ರಂಕು ಯುದ್ಧದ ಊರಿನ ಶಿಕ್ಷಕಿಗೆ ಅಪಾಯವನ್ನೂ ತರಬಹುದು. ಹೆಸರು ಮನೆಯವರ ಕೈಯಲ್ಲಿರುವ ಕಾರ್ಡಿನಲ್ಲಿರಲಿ.

ಬ್ರಿಟನ್‌ನಲ್ಲಿ ತೆರಿಗೆ ಕಟ್ಟುವವರು ಗಿಫ್ಟ್ ಏಡ್ ಗುರುತು ಹಾಕಿದರೆ ಪ್ರತಿ ಪೌಂಡಿಗೆ ಸರ್ಕಾರ 25 ಪೆನ್ಸ್ ಸೇರಿಸುತ್ತದೆ, ನಿಮ್ಮ ಕೈಯಿಂದ ಏನೂ ಹೋಗುವುದಿಲ್ಲ. ಅಮೆರಿಕದ ಅನೇಕ ಕಂಪನಿಗಳು ನೌಕರ ಕೊಟ್ಟಷ್ಟೇ ತಾವೂ ಕೊಡುತ್ತವೆ. ರಸೀದಿ ಬಂದ ಕೂಡಲೇ ಅರ್ಜಿ ಹಾಕದಿದ್ದರೆ ಗಡುವು ಮೀರಿಹೋಗುತ್ತದೆ. ಭಾರತದಲ್ಲಿರುವವರು ಹೊರದೇಶದ ಸಂಸ್ಥೆಗೆ ಕೊಟ್ಟ ಹಣಕ್ಕೆ ಆದಾಯ ತೆರಿಗೆ ವಿನಾಯಿತಿ ಸಿಗುವುದಿಲ್ಲ. ಇಲ್ಲಿ ನೋಂದಾಯಿತ ಸಂಸ್ಥೆಗೆ ಕೊಟ್ಟಾಗಲೂ ನಗದು 2,000 ರೂಪಾಯಿ ಮೀರಿದರೆ ವಿನಾಯಿತಿ ಇಲ್ಲ, ಹೊಸ ತೆರಿಗೆ ಪದ್ಧತಿ ಆಯ್ದುಕೊಂಡವರಿಗಂತೂ ಅದು ಲೆಕ್ಕಕ್ಕೇ ಬರುವುದಿಲ್ಲ.

ಇದು ನಮಗೆ ದೂರದ ವಿಷಯವೂ ಅಲ್ಲ. ವಿಶ್ವಸಂಸ್ಥೆಯ ಶಾಂತಿಪಾಲನೆಯಲ್ಲಿ ಅತಿ ಹೆಚ್ಚು ಯೋಧರನ್ನು ಕಳೆದುಕೊಂಡ ದೇಶ ಭಾರತ. ಪರಮವೀರ ಚಕ್ರ ಪಡೆದ ಕ್ಯಾಪ್ಟನ್ ಗುರುಬಚನ್ ಸಿಂಗ್ ಸಲಾರಿಯಾ 1961ರಲ್ಲಿ ಮಡಿದದ್ದು ಕಾಂಗೋದ ನೆಲದಲ್ಲಿ. ಕೊಡಗಿನ ಜನರಲ್ ತಿಮ್ಮಯ್ಯ 1965ರ ಡಿಸೆಂಬರ್‌ನಲ್ಲಿ ಸೈಪ್ರಸ್‌ನಲ್ಲಿ ವಿಶ್ವಸಂಸ್ಥೆಯ ಪಡೆಯ ನಾಯಕರಾಗಿ ಕರ್ತವ್ಯದಲ್ಲಿದ್ದಾಗಲೇ ತೀರಿಕೊಂಡರು, ಆ ದೇಶ ಅವರ ನೆನಪಿಗೆ ಅಂಚೆಚೀಟಿ ಹೊರಡಿಸಿತು. ಕನ್ನಡ ನಾಡಿನಲ್ಲಿ ಹಿಂದೆ ವೀರಗಲ್ಲು ನಿಲ್ಲಿಸಿದವರು ಕಲ್ಲಿಗಷ್ಟೇ ಬಿಡದೆ, ಮಡಿದವನ ಮನೆಯವರು ಉಣ್ಣಲೆಂದು ನೆತ್ತರುಗೊಡಗೆಯಾಗಿ ಹೊಲವನ್ನೂ ಬಿಡುತ್ತಿದ್ದರು. ವಿಶ್ವಸಂಸ್ಥೆಯ ನೀಲಿ ಶಿರಸ್ತ್ರಾಣ ಧರಿಸಿ ಕಾಂಗೋ, ದಕ್ಷಿಣ ಸುಡಾನ್‌ಗಳಲ್ಲಿ ಸೇವೆ ಮಾಡಿದವರ ನೆನಪಿಗೆ ಏನಾದರೂ ಮಾಡಬೇಕೆನ್ನುವ ರೆಜಿಮೆಂಟಿನ ಗೆಳೆಯರು, ಊರಿನ ಸಂಘಗಳು ಆ ದೇಶಗಳ ಮಕ್ಕಳ ತುರ್ತುನಿಧಿಯನ್ನು ಆರಿಸಿಕೊಳ್ಳಬಹುದು. ಮೇ 29 ಶಾಂತಿಪಾಲಕರ ದಿನ, ಹಣ ಕೂಡಿಸಲು ತಕ್ಕ ಹೊತ್ತು.

ಶತ್ರುವಿನ ಮಕ್ಕಳಿಗೂ ಕೊಡಬೇಕೆ ಎಂದು ಕೇಳುವವರು ಇದ್ದೇ ಇರುತ್ತಾರೆ. ಸೇವ್ ದ ಚಿಲ್ಡ್ರನ್ ಹುಟ್ಟಿದ್ದೇ ಆ ಪ್ರಶ್ನೆಯಿಂದ. 1919ರಲ್ಲಿ ಅದರ ಸ್ಥಾಪಕಿ ಎಗ್ಲಂಟೈನ್ ಜೆಬ್ ಲಂಡನ್ನಿನಲ್ಲಿ, ಬ್ರಿಟನ್‌ನ ದಿಗ್ಬಂಧನದಿಂದ ಹಸಿದಿದ್ದ ಆಸ್ಟ್ರಿಯದ ಮಕ್ಕಳ ಚಿತ್ರದ ಕರಪತ್ರ ಹಂಚಿ ಬಂಧನಕ್ಕೊಳಗಾದರು. ನ್ಯಾಯಾಲಯ 5 ಪೌಂಡ್ ದಂಡ ಹಾಕಿತು. ಅವರ ವಿರುದ್ಧ ವಾದಿಸಿದ ವಕೀಲರೇ ಆ 5 ಪೌಂಡ್ ಕೊಟ್ಟರು. ಮೊದಲ ಮಹಾಯುದ್ಧದಲ್ಲಿ ಲಕ್ಷಾಂತರ ಯೋಧರನ್ನು ಕಳೆದುಕೊಂಡ ದೇಶದಲ್ಲಿ ನಡೆದದ್ದು ಇದು.

ಕೊನೆಗೆ ಹಣದ ಹಂಚಿಕೆ. ಒಂದು ಬಳಗ ಸೇರಿ ಕೂಡಿಸಿದ ಮೊತ್ತವಿದ್ದರೆ ಅರ್ಧವನ್ನು ಪೆಟ್ಟಿಗೆ ಅಥವಾ ಪೇಸ್ಟ್‌ಗೆ ಈಗಲೇ ಕೊಡಿ, ಕಾಲು ಭಾಗವನ್ನು ಷರತ್ತಿಲ್ಲದೆ ತುರ್ತುನಿಧಿಗೆ ಬಿಡಿ, ಉಳಿದ ಕಾಲು ಭಾಗವನ್ನು ಮೂರನೇ ತಿಂಗಳಿನ ಮರುಪೂರಣಕ್ಕೆ ಎತ್ತಿಡಿ. ಒಬ್ಬರೇ ಕೊಡುವವರಿಗೆ ಪೂರ್ತಿ ಪೆಟ್ಟಿಗೆಯ ಬೆಲೆ ಹೆಚ್ಚೆನಿಸಿದರೆ ತಿಂಗಳಿಗೆ ಇಷ್ಟೆಂದು ಕಟ್ಟುವ ವ್ಯವಸ್ಥೆ ಮಾಡಿಕೊಳ್ಳಿ. ಸಾವಿನ ಸುದ್ದಿ ಹೊಸದಿದ್ದಾಗ ಹಣ ತಾನಾಗಿ ಹರಿದು ಬರುತ್ತದೆ, ಸಂಸ್ಥೆಗಳಿಗೆ ಕೈ ಕಟ್ಟಿದಂತಾಗುವುದು ಆರನೇ ತಿಂಗಳಿನಲ್ಲಿ.